ಹರಿದ ಪ್ರತಿಗೂ ಗಿರಾಕಿ ಇದ್ದಾರೆಯೇ?

ಸಂಗ್ರಾಹಕರು ಮುಗಿಬಿದ್ದು ಹುಡುಕುವ ಹಳೆಯ ಕಾಮಿಕ್ ಸಂಚಿಕೆಗಳು ಯಾವುವು ಎಂಬ ಪ್ರಶ್ನೆ ಎದ್ದಾಗಲೆಲ್ಲ ಯಾರಾದರೊಬ್ಬರು ಹರಾಜಿನ ದಾಖಲೆಗಳನ್ನು ತಂದು ಮುಂದಿಡುತ್ತಾರೆ. ಸೂಪರ್‌ಮ್ಯಾನ್ ಮೊದಲ ಬಾರಿಗೆ ಕಾಣಿಸಿಕೊಂಡ 1938ರ ‘ಆ್ಯಕ್ಷನ್ ಕಾಮಿಕ್ಸ್’ ಒಂದನೇ ಸಂಚಿಕೆಯ ಪ್ರತಿಯೊಂದು 2024ರಲ್ಲಿ 60 ಲಕ್ಷ ಡಾಲರಿಗೆ ಮಾರಾಟವಾಯಿತು; ಸ್ಪೈಡರ್‌ಮ್ಯಾನ್‌ನ ಮೊದಲ ಕಥೆಯಿರುವ 1962ರ ‘ಅಮೇಝಿಂಗ್ ಫ್ಯಾಂಟಸಿ’ 15ನೇ ಸಂಚಿಕೆಯ ಪ್ರತಿಯೊಂದು 2021ರಲ್ಲಿ 36 ಲಕ್ಷ ಡಾಲರ್ ತಂದಿತು. ಈ ಅಂಕಿಗಳೇನೂ ಸುಳ್ಳಲ್ಲ, ಆದರೆ ಅವು ಉತ್ತರಿಸುವುದು ಬೇರೆಯೇ ಪ್ರಶ್ನೆಗೆ. ಹರಾಜಿನಲ್ಲಿ ದಾಖಲೆಯಾಗಬೇಕಾದರೆ ಹಟಕ್ಕೆ ಬಿದ್ದ ಇಬ್ಬರು ಸಿರಿವಂತರಿದ್ದರೆ ಸಾಕು; ಬೇಡಿಕೆಯಿದೆ ಎನ್ನಬೇಕಾದರೆ ಆ ಸಂಚಿಕೆಯ ಹಿಂದೆ ಜನರ ಸಾಲೇ ನಿಂತಿರಬೇಕು.

ಆ ಸಾಲು ಇದೆಯೋ ಇಲ್ಲವೋ ಎಂದು ತಿಳಿಯಲು ನಾನು ನೋಡುವುದು ಅತ್ಯುತ್ತಮ ಪ್ರತಿಯನ್ನಲ್ಲ, ಅತ್ಯಂತ ಕೆಟ್ಟ ಪ್ರತಿಯನ್ನು. ಮುಖಪುಟ ಕಳಚಿದ, ಬೆನ್ನು ಸೀಳಿದ, ಪಿನ್ನು ತುಕ್ಕು ಹಿಡಿದ ಪ್ರತಿಯೂ ಮಾರಾಟಕ್ಕೆ ಬಂದ ವಾರದಲ್ಲೇ ಹೋಗುತ್ತದೆಯಾದರೆ ಆ ಸಂಚಿಕೆಗೆ ನಿಜವಾದ ಬೇಡಿಕೆಯಿದೆ ಎಂದೇ ನನ್ನ ಎಣಿಕೆ. ಇದು ನನಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ, ಕೈ ಸುಟ್ಟುಕೊಂಡು ಕಲಿತದ್ದು.

ಕೆಲವು ವರ್ಷಗಳ ಹಿಂದೆ 1974ರ ಒಂದು ಮಾರ್ವೆಲ್ ಸಂಚಿಕೆಯನ್ನು ಆನ್‌ಲೈನಿನಲ್ಲಿ ಕೊಂಡೆ. ಮಾರಿದವರು ಮುಂದಿನ ಮತ್ತು ಹಿಂದಿನ ಮುಖಪುಟಗಳ ಚಿತ್ರಗಳನ್ನಷ್ಟೇ ಹಾಕಿದ್ದರು. ಎರಡೂ ಕನ್ನಡಿಯಂತೆ ಹೊಳೆಯುತ್ತಿದ್ದವು. ಪ್ರತಿ ಕೈಗೆ ಬಂದ ಮೇಲೆ ಹಾಳೆಗಳನ್ನು ತಿರುವುತ್ತ ಓದುಗರ ಪತ್ರಗಳ ಪುಟಕ್ಕೆ ಬಂದಾಗ ಅಲ್ಲೊಂದು ಅಚ್ಚುಕಟ್ಟಾದ ಚೌಕಾಕಾರದ ಕಿಟಕಿ ಕಂಡಿತು. ಆ ವರ್ಷ ಮಾರ್ವೆಲ್ ಸಂಸ್ಥೆ ತನ್ನ ಕಾಮಿಕ್ಸ್‌ಗಳಲ್ಲಿ ‘ವ್ಯಾಲ್ಯೂ ಸ್ಟ್ಯಾಂಪ್’ ಎಂಬ ಪುಟ್ಟ ಚಿತ್ರಗಳನ್ನು ಅಚ್ಚು ಮಾಡಿ, ಅವನ್ನು ಕತ್ತರಿಸಿ ಪುಸ್ತಿಕೆಯಲ್ಲಿ ಅಂಟಿಸಿಕೊಳ್ಳಿ ಎಂದು ಮಕ್ಕಳಿಗೆ ಹೇಳಿತ್ತು. ಮಕ್ಕಳು ವಿಧೇಯರಾಗಿ ಕತ್ತರಿಸಿದರು. ನನ್ನ ಪ್ರತಿಯ ಕಿಟಕಿಯ ಅಂಚು ಎಷ್ಟು ನೇರವಾಗಿದೆಯೆಂದರೆ ಆ ಹುಡುಗನೋ ಹುಡುಗಿಯೋ ಸ್ಕೇಲು ಇಟ್ಟು ಗೆರೆ ಎಳೆದುಕೊಂಡೇ ಕತ್ತರಿ ಹಿಡಿದಿರಬೇಕು. ಕೊರತೆಯನ್ನು ಮುಚ್ಚಿಡದೆ ಬರೆದು ಮಾರಾಟಕ್ಕಿಟ್ಟೆ. ತಿಂಗಳುಗಟ್ಟಲೆ ಯಾರೂ ಕೇಳಲಿಲ್ಲ, ಬೆಲೆ ಅರ್ಧಕ್ಕಿಳಿಸಿದರೂ ಕೇಳಲಿಲ್ಲ.

ಅದೇ ಹೊತ್ತಿನಲ್ಲಿ ‘ಇನ್‌ಕ್ರೆಡಿಬಲ್ ಹಲ್ಕ್’ 181ನೇ ಸಂಚಿಕೆಯ ಮಾರಾಟಗಳನ್ನು ಗಮನಿಸುತ್ತಿದ್ದೆ. ಅದೂ 1974ರದ್ದೇ, ನವೆಂಬರ್ ತಿಂಗಳದ್ದು. ಹಿಂದಿನ 180ನೇ ಸಂಚಿಕೆಯ ಕೊನೆಯಲ್ಲಿ ಇಣುಕಿ ಹೋದ ವುಲ್ವರಿನ್ ಎಂಬ ಪಾತ್ರ ಪೂರ್ಣಪ್ರಮಾಣದಲ್ಲಿ ಬರುವುದು ಇದರಲ್ಲಿ. ಇದರ ಪತ್ರಗಳ ಪುಟದಲ್ಲೂ ಶಾನಾ ಎಂಬ ಕಾಡಿನ ನಾಯಕಿಯ ಚಿತ್ರವಿರುವ ಸ್ಟ್ಯಾಂಪು ಇದೆ, ಎಷ್ಟೋ ಪ್ರತಿಗಳಲ್ಲಿ ಅದು ಕತ್ತರಿಗೆ ಬಲಿಯಾಗಿದೆ. ಸ್ಟ್ಯಾಂಪಿಲ್ಲದ ಪ್ರತಿ ಹೊರಗಿನಿಂದ ಎಷ್ಟೇ ಚೆನ್ನಾಗಿದ್ದರೂ ಅದರ ಗ್ರೇಡು, ಅಂದರೆ ಪ್ರತಿಯ ಸ್ಥಿತಿಗೆ ಹತ್ತಕ್ಕೆ ಇಂತಿಷ್ಟು ಎಂದು ಕೊಡುವ ಅಂಕ, ತೀರಾ ಕೆಳಕ್ಕೆ ಕುಸಿಯುತ್ತದೆ. ಹಾಗಿದ್ದರೂ ಅದಕ್ಕೆ ಗಿರಾಕಿಗಳ ಕೊರತೆಯಿಲ್ಲ. ಸ್ಟ್ಯಾಂಪು ಮಾತ್ರ ಉಳಿದು ಮಿಕ್ಕದ್ದೆಲ್ಲ ಚಿಂದಿಯಾದ ಇನ್ನೊಂದು ಪ್ರತಿಯನ್ನು ಕೊಂಡು, ಎರಡರ ಹಾಳೆಗಳನ್ನು ಕೂಡಿಸಿ ‘ಮದುವೆ’ ಮಾಡಿಸುವವರೂ ಇದ್ದಾರೆ. ಒಂದೇ ವರ್ಷ, ಒಂದೇ ಪ್ರಕಾಶಕರು, ಒಂದೇ ಬಗೆಯ ಕಿಟಕಿ. ಒಂದಕ್ಕೆ ಸಾಲು ನಿಂತಿದೆ, ಇನ್ನೊಂದನ್ನು ಮೂಸಿ ನೋಡುವವರಿಲ್ಲ. ನನ್ನ ಅಳತೆಗೋಲು ಹುಟ್ಟಿದ್ದು ಈ ಎರಡು ಕಿಟಕಿಗಳ ನಡುವೆ.

ಹಳೆಯದೆಂಬ ಕಾರಣಕ್ಕೆ ಬೇಡಿಕೆಯಿರುತ್ತದೆ ಎಂಬ ನಂಬಿಕೆ ಈ ಅಳತೆಗೋಲಿನ ಮುಂದೆ ನಿಲ್ಲುವುದಿಲ್ಲ. ನಲವತ್ತು ಐವತ್ತರ ದಶಕಗಳ ಕೌಬಾಯ್ ಕಥೆಗಳು, ಮಾತಾಡುವ ಪ್ರಾಣಿಗಳ ನಗೆಕಥೆಗಳು ಎಷ್ಟೋ ಸೂಪರ್‌ಹೀರೋ ಸಂಚಿಕೆಗಳಿಗಿಂತ ಅಪರೂಪ. ಆದರೆ ಅವನ್ನು ಓದಿ ಬೆಳೆದ ತಲೆಮಾರು ಕರಗುತ್ತಿದ್ದಂತೆ ಕೇಳುವವರೂ ಕರಗುತ್ತಿದ್ದಾರೆ. ಇತ್ತ 1988ರ ‘ಅಮೇಝಿಂಗ್ ಸ್ಪೈಡರ್‌ಮ್ಯಾನ್’ 300ನೇ ಸಂಚಿಕೆಯಾದರೋ ಭಾರಿ ಸಂಖ್ಯೆಯಲ್ಲಿ ಅಚ್ಚಾದದ್ದು, ಆಗಲೇ ಪ್ಲಾಸ್ಟಿಕ್ ಚೀಲ ಮತ್ತು ರಟ್ಟಿನ ಆಸರೆಯಲ್ಲಿ ಜೋಪಾನವಾಗಿ ಉಳಿದದ್ದು, ಯಾವ ದಿನ ಹುಡುಕಿದರೂ ಸಿಗುವಂಥದ್ದು. ಆದರೂ ವೆನಮ್ ಎಂಬ ಖಳಪಾತ್ರದ ಕಾರಣಕ್ಕೆ, ಟಾಡ್ ಮೆಕ್‌ಫಾರ್ಲೇನ್ ಅವರ ಗೆರೆಗಳ ಕಾರಣಕ್ಕೆ, ಮಡಿಕೆ ಬಿದ್ದ ಪ್ರತಿಯೂ ಉಳಿಯದೆ ಹೋಗುತ್ತದೆ. ಅಪರೂಪವೂ ಬೇಡಿಕೆಯೂ ಒಂದಕ್ಕೊಂದು ಸೇರಿದ ಉದಾಹರಣೆಗಳು ಬೇರೆ: ಸುಮಾರು 3,000 ಪ್ರತಿಗಳಷ್ಟೇ ಅಚ್ಚಾದ 1984ರ ‘ಟೀನೇಜ್ ಮ್ಯುಟೆಂಟ್ ನಿಂಜಾ ಟರ್ಟಲ್ಸ್’ ಒಂದನೇ ಸಂಚಿಕೆ, ಏಳು ಸಾವಿರ ಚಿಲ್ಲರೆ ಪ್ರತಿಗಳ 2003ರ ‘ವಾಕಿಂಗ್ ಡೆಡ್’ ಒಂದನೇ ಸಂಚಿಕೆ. ಅಲ್ಲಿ ಅಪರೂಪವು ಬೆಲೆಯನ್ನು ಏರಿಸಿತು ನಿಜ, ಆದರೆ ಕೇಳುವ ಜನರನ್ನು ತಂದದ್ದು ಕಥೆ, ಆಮೇಲೆ ಟಿವಿ ಮತ್ತು ಸಿನಿಮಾ.

ತೊಂಬತ್ತರ ದಶಕದ ಆರಂಭದ ಕಥೆ ಎಲ್ಲರಿಗೂ ಗೊತ್ತಿದ್ದರೂ ಮತ್ತೆ ಹೇಳಬೇಕಾಗುತ್ತದೆ. 1991ರ ‘ಎಕ್ಸ್‌ಮೆನ್’ ಒಂದನೇ ಸಂಚಿಕೆ ಐದು ಬೇರೆಬೇರೆ ಮುಖಪುಟಗಳೊಂದಿಗೆ ಬಂದು 80 ಲಕ್ಷಕ್ಕೂ ಹೆಚ್ಚು ಪ್ರತಿಗಳಷ್ಟು ಖರ್ಚಾಯಿತು. ಮರುವರ್ಷ ಸೂಪರ್‌ಮ್ಯಾನ್ ಸಾಯುವ ‘ಸೂಪರ್‌ಮ್ಯಾನ್’ 75ನೇ ಸಂಚಿಕೆ ಕಪ್ಪು ಚೀಲದಲ್ಲಿ, ಶೋಕಸೂಚಕ ತೋಳ್ಪಟ್ಟಿಯ ಸಮೇತ ಬಂತು. ಓದಲು ಒಂದು, ಚೀಲ ಬಿಚ್ಚದೆ ಇಡಲು ಇನ್ನೊಂದು ಎಂದು ಜನ ಎರಡೆರಡು ಕೊಂಡರು. ಹೊಸ ಸಂಚಿಕೆಯ ಮಾರಾಟವನ್ನು ಹಳೆಯ ಸಂಚಿಕೆಯ ಬೇಡಿಕೆ ಎಂದು ತಪ್ಪು ತಿಳಿದ ಆ ಗುಳ್ಳೆ ಒಡೆದಾಗ ಎಷ್ಟೋ ಅಂಗಡಿಗಳು ಮುಚ್ಚಿದವು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿತನದ ಅರ್ಜಿ ಹಾಕಿತು. ಇಂದು ಮೂಲೆ ಮಡಿಸಿದ ‘ಎಕ್ಸ್‌ಮೆನ್’ ಒಂದನೇ ಸಂಚಿಕೆಯನ್ನು ಪುಕ್ಕಟೆ ಕೊಟ್ಟರೂ ಇಡಲು ಜಾಗವಿಲ್ಲ ಎನ್ನುವವರೇ ಹೆಚ್ಚು. ತಮಾಷೆಯೆಂದರೆ ಅದೇ 1991ರ ಫೆಬ್ರವರಿಯ ‘ನ್ಯೂ ಮ್ಯುಟೆಂಟ್ಸ್’ 98ನೇ ಸಂಚಿಕೆಯನ್ನು ಅಂದು ಯಾರೂ ನಿಧಿಯೆಂದು ಬಗೆಯಲಿಲ್ಲ; ಡೆಡ್‌ಪೂಲ್ ಮೊದಲು ಕಾಣಿಸಿಕೊಂಡ ಆ ಸಂಚಿಕೆಯನ್ನು ಈಗ ಸುಕ್ಕಾಗಿದ್ದರೂ ಬಿಡುವುದಿಲ್ಲ.

ಸಿನಿಮಾ ಸುದ್ದಿಯಿಂದ ಹುಟ್ಟುವ ಬೇಡಿಕೆಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ, ಆದರೆ ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. 2012ರ ‘ಅವೆಂಜರ್ಸ್’ ಚಿತ್ರದ ಕೊನೆಯಲ್ಲಿ ಖಳನಾಯಕ ಥಾನೋಸ್ ತಿರುಗಿ ನಕ್ಕ ಮೇಲೆ, ಅವನು ಮೊದಲು ಬಂದ 1973ರ ‘ಐರನ್ ಮ್ಯಾನ್’ 55ನೇ ಸಂಚಿಕೆಗೆ ಬಂದ ಕಳೆ ಇನ್ನೂ ಮಾಸಿಲ್ಲ. ಅದೇ 1976ರ ‘ಎಟರ್ನಲ್ಸ್’ ಒಂದನೇ ಸಂಚಿಕೆ ಚಿತ್ರದ ಘೋಷಣೆಯೊಂದಿಗೆ ಏರಿ, 2021ರಲ್ಲಿ ಚಿತ್ರ ಬಂದು ಹೋದ ಮೇಲೆ ಇಳಿಯಿತು. ಮೊದಲೇ ಗುರುತಿಸುವ ಒಂದು ದಾರಿ ನನಗೆ ತೋರುತ್ತದೆ: ಸುದ್ದಿ ಬಂದಾಗ ಬೆಲೆಯ ಜೊತೆಗೇ ಮಾರಾಟಕ್ಕಿಟ್ಟ ಪ್ರತಿಗಳ ಸಂಖ್ಯೆಯೂ ದಿಢೀರನೆ ಏರಿದರೆ, ಇಟ್ಟುಕೊಂಡವರಿಗೇ ಅದು ಬೇಕಾಗಿರಲಿಲ್ಲ ಎಂದರ್ಥ. ಅಟ್ಟದಿಂದ ಇಳಿದು ಬಂದ ಪ್ರತಿಗಳು ಮತ್ತೆ ಅಟ್ಟಕ್ಕೇ ಹೋಗುತ್ತವೆ, ಈ ಸಲ ಹೆಚ್ಚು ದುಡ್ಡು ಕೊಟ್ಟವರ ಅಟ್ಟಕ್ಕೆ.

ಇನ್ನು ಲೆಕ್ಕ ನೋಡುವ ಕ್ರಮ. ಮಾರುವವರು ಬರೆದ ಬೆಲೆ ಅವರ ಆಸೆ. ಅದನ್ನು ಓದಿ ಪ್ರಯೋಜನವಿಲ್ಲ. ಇಬೇಯಂಥ ತಾಣಗಳಲ್ಲಿ ‘ಮಾರಾಟವಾದವು’ ಎಂಬುದನ್ನು ಆರಿಸಿಕೊಂಡು, ಅದರಲ್ಲೂ ಗ್ರೇಡು ಮಾಡಿಸದ, ದೋಷಗಳನ್ನು ಬಿಚ್ಚಿ ಬರೆದ ಪ್ರತಿಗಳನ್ನು ಬೇರೆಯಾಗಿ ಎಣಿಸಬೇಕು. 1970ರಿಂದ ಬರುತ್ತಿರುವ ಓವರ್‌ಸ್ಟ್ರೀಟ್ ಬೆಲೆಕೈಪಿಡಿ ಗೌರವಾರ್ಹವಾದದ್ದೇ, ಆದರೆ ವರ್ಷಕ್ಕೊಮ್ಮೆ ಬರುವ ಗ್ರಂಥ ವಾರದ ಮಾರುಕಟ್ಟೆಯ ಬೆನ್ನು ಹತ್ತಲಾರದು. 2000ದಲ್ಲಿ ಶುರುವಾದ ಸಿಜಿಸಿ ಸಂಸ್ಥೆ ತಾನು ಗ್ರೇಡು ಮಾಡಿದ ಪ್ರತಿಗಳ ಗಣತಿಯನ್ನು ಪ್ರಕಟಿಸುತ್ತದೆ. ಅದನ್ನು ಜನ ಓದುವ ರೀತಿಯೇ ನನಗೆ ತಲೆಕೆಳಗಾಗಿ ಕಾಣುತ್ತದೆ. ಗಣತಿಯಲ್ಲಿ ಸಂಖ್ಯೆ ಕಡಿಮೆಯಿದ್ದರೆ ಅಪರೂಪ, ಆದ್ದರಿಂದ ಬೆಲೆಬಾಳುವುದು ಎನ್ನುತ್ತಾರೆ. ಎಷ್ಟೋ ಸಲ ಅದರ ಅರ್ಥ ಶುಲ್ಕ ಕೊಟ್ಟು ಗ್ರೇಡು ಮಾಡಿಸುವಷ್ಟು ಯಾರಿಗೂ ಅದು ಮುಖ್ಯವೆನಿಸಿಲ್ಲ ಎಂದಷ್ಟೇ. ‘ಹಲ್ಕ್’ 181ರ ಸಾವಿರಾರು ಪ್ರತಿಗಳು ಆ ಗಣತಿಯಲ್ಲಿವೆ, ಮತ್ತು ಆ ದೊಡ್ಡ ಸಂಖ್ಯೆಯೇ ಬೇಡಿಕೆಯ ಸಾಕ್ಷಿ. ಗಾಜಿನಂಥ ಡಬ್ಬಿಯಲ್ಲಿ ಮುದ್ರೆ ಹಾಕಿದ 9.8ರ ಪ್ರತಿಗೂ 9.6ರ ಪ್ರತಿಗೂ ನಡುವಿನ ಬೆಲೆಯ ಕಂದಕವು ಚೀಟಿಯ ಮೇಲಿನ ಅಂಕಿಯ ಮೋಹವನ್ನು ಹೇಳುತ್ತದೆಯೇ ಹೊರತು ಸಂಚಿಕೆಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಒಂದೇ ಸಂಚಿಕೆಯೊಳಗಿನ ಪ್ರಭೇದಗಳ ಮಾತು ಬೇರೆ. 1977ರಲ್ಲಿ ಮಾರ್ವೆಲ್ ಕೆಲವೆಡೆ ಮಾತ್ರ 30 ಸೆಂಟಿನ ಬದಲು 35 ಸೆಂಟಿನ ಬೆಲೆ ಅಚ್ಚುಹಾಕಿ ಪರೀಕ್ಷೆ ಮಾಡಿತು. ‘ಸ್ಟಾರ್ ವಾರ್ಸ್’ ಒಂದನೇ ಸಂಚಿಕೆಯ ಆ 35 ಸೆಂಟಿನ ಪ್ರತಿಗೆ ಇರುವ ಹುಡುಕಾಟ ಸಾಮಾನ್ಯ ಪ್ರತಿಗಿಲ್ಲ. ಎಂಬತ್ತರ ದಶಕದಲ್ಲಿ ಪತ್ರಿಕೆ ಮಾರುವ ಕಟ್ಟೆಗಳಿಗೆ ಹೋದ ಪ್ರತಿಗಳ ಮುಖಪುಟದ ಮೂಲೆಯಲ್ಲಿ ಬಾರ್‌ಕೋಡ್ ಇದ್ದರೆ, ಕಾಮಿಕ್ ಅಂಗಡಿಗೆ ಹೋದವುಗಳಲ್ಲಿ ಅದೇ ಜಾಗದಲ್ಲಿ ಸ್ಪೈಡರ್‌ಮ್ಯಾನ್ ಮುಖವಿರುತ್ತಿತ್ತು. ಇವೆಲ್ಲ ನಿಜವಾದ ಬೇಡಿಕೆಗಳೇ, ಆದರೆ ಕಿರಿದಾದವು. ಚಿತ್ರ ನೋಡುವ ಮೊದಲು ಕಣ್ಣು ತಾನಾಗಿ ಕೆಳಮೂಲೆಗೆ ಜಾರುವುದು ನನಗೂ ಅಭ್ಯಾಸವಾಗಿಬಿಟ್ಟಿದೆ, ಅದರ ಬಗ್ಗೆ ನನಗೇ ಕಿರಿಕಿರಿಯಿದೆ.

ಪಟ್ಟಿಗಳೆಲ್ಲ ಪಾತ್ರಗಳ ಮೊದಲ ಪ್ರವೇಶವನ್ನೇ ಜಪಿಸುವುದರಿಂದ ಕಣ್ತಪ್ಪುವ ಬೇಡಿಕೆಯೊಂದಿದೆ. 1973ರ ‘ಅಮೇಝಿಂಗ್ ಸ್ಪೈಡರ್‌ಮ್ಯಾನ್’ 121ನೇ ಸಂಚಿಕೆಯ ಹಿರಿಮೆ ಯಾರೋ ಹೊಸಬರು ಬಂದದ್ದರಲ್ಲಿಲ್ಲ, ನಾಯಕನ ಪ್ರೇಯಸಿ ಗ್ವೆನ್ ಸ್ಟೇಸಿ ಸಾಯುವುದರಲ್ಲಿದೆ. ಓದಿ ಎದೆಗೆ ಹಚ್ಚಿಕೊಂಡವರು ಅದನ್ನು ಕೇಳುತ್ತಾರೆ. ಅವರಿಗೆ ಮೂಲೆ ಮುರಿದಿದ್ದರೂ ಅಡ್ಡಿಯಿಲ್ಲ. ಸರಣಿಯ ನಡುವಿನ ಖಾಲಿ ಜಾಗಗಳನ್ನು ತುಂಬಿಕೊಳ್ಳುತ್ತ ಹೋಗುವವರ ಸದ್ದಿಲ್ಲದ ಕೊಳ್ಳುವಿಕೆಯೂ ಹೀಗೆಯೇ. ಅವರು ದಾಖಲೆ ಮುರಿಯುವುದಿಲ್ಲ, ಆದರೆ ಬೆಲೆಗಳು ಬಿದ್ದ ವರ್ಷಗಳಲ್ಲೂ ಕೊಳ್ಳುವುದನ್ನು ನಿಲ್ಲಿಸುವುದಿಲ್ಲ.

ನನ್ನ ಅಳತೆಗೋಲು ಎಲ್ಲ ಕಡೆಗೂ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಹೊಸ ಸ್ಪೈಡರ್‌ಮ್ಯಾನ್ ಆದ ಮೈಲ್ಸ್ ಮೊರಾಲೆಸ್ ಮೊದಲು ಬಂದ 2011ರ ‘ಅಲ್ಟಿಮೇಟ್ ಫಾಲ್‌ಔಟ್’ 4ನೇ ಸಂಚಿಕೆ ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿಕೊಂಡೇ ಮಾರುಕಟ್ಟೆಗೆ ಬಂದದ್ದು. ಅದರ ಹರಿದ ಪ್ರತಿ ಹುಡುಕೋಣವೆಂದರೆ ಸಿಗುವುದೇ ಕಷ್ಟ. ಯಾವ ಮಗುವೂ ಅದರಿಂದ ಸ್ಟ್ಯಾಂಪು ಕತ್ತರಿಸಿಲ್ಲ, ಯಾರೂ ಅದನ್ನು ಸುರುಳಿ ಸುತ್ತಿ ಜೇಬಿಗೆ ತುರುಕಿಲ್ಲ. ಅಂಥ ಸಂಚಿಕೆಗಳ ವಿಷಯದಲ್ಲಿ ನಾನು ವಾರಕ್ಕೆ ಎಷ್ಟು ಮಾರಾಟವಾದವು ಎಂದು ಎಣಿಸುತ್ತ ಕೂರುತ್ತೇನೆ, ತೀರ್ಪನ್ನು ಸದ್ಯಕ್ಕೆ ಬಾಕಿ ಇಟ್ಟುಕೊಂಡಿದ್ದೇನೆ.