ಒಬ್ಬ ರಾಜನಿಗೆ ಎಷ್ಟು ಚಿಲ್ಲರೆ?

1141ರ ಇಂಗ್ಲೆಂಡಿನಲ್ಲಿ ಒಬ್ಬ ರಾಜನ ಬೆಲೆ ಎಷ್ಟಿತ್ತು ಗೊತ್ತೇ? ಮದುವೆಯಾಚೆ ಹುಟ್ಟಿದ ಒಬ್ಬ ಮಗ. ಒಂದಕ್ಕೊಂದು, ಚೌಕಾಸಿಯಿಲ್ಲ.

ಆ ಮಗ ಗ್ಲಾಸ್ಟರಿನ ಅರ್ಲ್, ಅಂದರೆ ರಾಜನ ಕೆಳಗಿನ ದೊಡ್ಡ ಸರದಾರ, ರಾಬರ್ಟ್. ಅಪ್ಪ, ಇಂಗ್ಲೆಂಡಿನ ರಾಜ ಮೊದಲನೆಯ ಹೆನ್ರಿಗೆ ಕೈಹಿಡಿದ ರಾಣಿಯಲ್ಲಿ ದಕ್ಕಿದ್ದು ಒಂದು ಗಂಡು, ಒಂದು ಹೆಣ್ಣು. ಮಿಕ್ಕ ಕಡೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು. ಪುಣ್ಯಾತ್ಮ, ಯಾರನ್ನೂ ಮುಚ್ಚಿಡಲಿಲ್ಲ. ರಾಬರ್ಟನಿಗಂತೂ ವಿದ್ಯೆ, ಆಸ್ತಿವಂತ ಹೆಂಡತಿ, ಬ್ರಿಸ್ಟಲ್ ಕೋಟೆ ಎಲ್ಲವೂ ಸಿಕ್ಕಿದವು. 1120ರಲ್ಲಿ ಹಡಗು ಮುಳುಗಿ ಆ ಒಬ್ಬನೇ 'ಸಕ್ರಮ' ಗಂಡುಮಗ ಸತ್ತ. ಎದುರಿಗೆ ರಾಬರ್ಟ್ ಬೆಳೆದು ನಿಂತಿದ್ದರೂ ಇಡೀ ಆಸ್ಥಾನ 'ಅಯ್ಯೋ, ರಾಜನಿಗೆ ಗಂಡುಮಕ್ಕಳೇ ಇಲ್ಲವಲ್ಲ' ಎಂದು ಮರುಗಿತು.

ಇಷ್ಟಕ್ಕೂ ಆ ಗದ್ದುಗೆಯನ್ನು ಗೆದ್ದವನು ರಾಬರ್ಟನ ಅಜ್ಜ ವಿಲಿಯಂ. ಅವನ ಅಪ್ಪ-ಅಮ್ಮನಿಗೂ ಮದುವೆಯಾಗಿರಲಿಲ್ಲ. 1066ರಲ್ಲಿ ಹೇಸ್ಟಿಂಗ್ಸ್ ರಣರಂಗದಲ್ಲಿ ಅದನ್ನು ವಿಚಾರಿಸುವ ಪುರುಸೊತ್ತು ಯಾರಿಗಿತ್ತು? ಅಜ್ಜನಿಗಿಲ್ಲದ ಮಡಿ ಮೊಮ್ಮಗನ ಕಾಲಕ್ಕೆ ಬಂತು.

ಕೊನೆಗೆ ಮಗಳು ಮಟಿಲ್ಡಾಳೇ ವಾರಸುದಾರಳೆಂದು ಹೆನ್ರಿ 1127ರಲ್ಲಿ ಸರದಾರರಿಂದ ಪ್ರಮಾಣ ಮಾಡಿಸಿದ. ಅಲ್ಲಿ ರಾಬರ್ಟನಿಗೂ ರಾಜನ ಸೋದರಳಿಯ ಸ್ಟೀಫನ್‌ಗೂ ಜಟಾಪಟಿ: ಮೊದಲು ಪ್ರಮಾಣ ಮಾಡುವ ಗೌರವ ಮಗನಿಗೋ, ಅಳಿಯನಿಗೋ? ಅಳಿಯನೇ ಗೆದ್ದ. 1135ರಲ್ಲಿ ಮಾವ ಕಣ್ಣುಮುಚ್ಚಿದ್ದೇ ತಡ, ಕಿರೀಟವನ್ನೂ ಅಷ್ಟೇ ಅವಸರದಲ್ಲಿ ತಲೆಗೇರಿಸಿಕೊಂಡ.

ಕೆಲವು ವರ್ಷ ಸುಮ್ಮನಿದ್ದ ರಾಬರ್ಟ್ ಆಮೇಲೆ ತಂಗಿಯ ಪರ ಕತ್ತಿ ಹಿಡಿದ. 1141ರ ಫೆಬ್ರವರಿಯಲ್ಲಿ ಲಿಂಕನ್ನಿನಲ್ಲಿ ರಾಜ ಸ್ಟೀಫನ್ ಸೆರೆಸಿಕ್ಕು ರಾಬರ್ಟನದೇ ಕೋಟೆಯಲ್ಲಿ ಬಂದಿಯಾದ. ಸೆಪ್ಟೆಂಬರಿನಲ್ಲಿ ರಾಬರ್ಟನೇ ಸಿಕ್ಕಿಬಿದ್ದ. ಇನ್ನೇನು, ಅದಲುಬದಲು.

ತಮಾಷೆಯೆಂದರೆ ತಕರಾರು ತೆಗೆದವನು ರಾಬರ್ಟನೇ. ರಾಜನೆಲ್ಲಿ, ಅರ್ಲ್ ಎಲ್ಲಿ, ಇಬ್ಬರೂ ಸಮವಲ್ಲ; ತನ್ನ ಜೊತೆ ಸಿಕ್ಕವರನ್ನೆಲ್ಲ ಬಿಟ್ಟರೆ ಒಪ್ಪುತ್ತೇನೆಂದ. ದೊಡ್ಡ ನೋಟು ಕೊಟ್ಟವನು ಚಿಲ್ಲರೆ ಕೇಳಿದ ಹಾಗೆ! ಸ್ಟೀಫನ್ ಕಡೆಯವರಿಗೆ ರಾಜನೂ ಬೇಕು, ಸೆರೆಯಾಳುಗಳಿಂದ ಬರುವ ದುಡ್ಡೂ ಬೇಕು. ಚಿಲ್ಲರೆ ಹುಟ್ಟಲಿಲ್ಲ. ನವೆಂಬರಿನಲ್ಲಿ ರಾಣಿಯನ್ನೂ ಮಗನನ್ನೂ ಬ್ರಿಸ್ಟಲಿನಲ್ಲಿ ಒತ್ತೆಯಿಟ್ಟು ರಾಜ ಹೊರಬಿದ್ದ. ರಾಜ ವಿಂಚೆಸ್ಟರ್ ಮುಟ್ಟಿದ ಮೇಲೆ ರಾಬರ್ಟ್ ತನ್ನ ಮಗನನ್ನು ಅಲ್ಲಿ ಒತ್ತೆಯಿಟ್ಟು ಹೊರಟ. ಅವನು ಬ್ರಿಸ್ಟಲ್ ತಲುಪಿದ ಮೇಲೆ ರಾಣಿಗೆ ಬಿಡುಗಡೆ. ಅಡವಿಟ್ಟ ಒಡವೆ ಬಿಡಿಸುವುದೂ ಇದಕ್ಕಿಂತ ಸಲೀಸು. ರಾಜನ ತೂಕಕ್ಕೆ ಸರಿಯಾಗಿ ತೂಗಿದವನು ರಾಜನಾಗಲು ಮಾತ್ರ ಲಾಯಕ್ಕಲ್ಲ!

ರಾಬರ್ಟ್ 1147ರಲ್ಲಿ ತೀರಿಕೊಂಡ. 1154ರಲ್ಲಿ ಗದ್ದುಗೆ ಹತ್ತಿದ್ದು ಮಟಿಲ್ಡಾಳ ಮಗ ಎರಡನೆಯ ಹೆನ್ರಿ. ಇವನಿಗೂ ಮದುವೆಯಾಚೆ ಒಬ್ಬ ಮಗ, ಜೆಫ್ರಿ. 1173ರಲ್ಲಿ ರಾಣಿಯ ಮಕ್ಕಳು ಅಪ್ಪನ ಮೇಲೇ ದಂಡೆತ್ತಿದಾಗ ಜೆಫ್ರಿ ಅಪ್ಪನ ಪರ ಹೋರಾಡಿದ. ಮಿಕ್ಕವರೇ ನಿಜವಾದ ಹಾದರದ ಮಕ್ಕಳು ಎಂದು ಹೆನ್ರಿ ಉದ್ಗರಿಸಿದನಂತೆ. 1189ರಲ್ಲಿ ಅವನು ಸಾಯುವಾಗಲೂ ಪಕ್ಕದಲ್ಲಿದ್ದವನು ಜೆಫ್ರಿಯೇ.

ಗದ್ದುಗೆ ಹೋದದ್ದು ಮಿಕ್ಕವರಿಗೆ.