‘ಹುಚ್ಚು’ ಒಂದೇ, ಇಂಗ್ಲಿಷ್ ಪದಗಳು ಒಂದೇ ಅಲ್ಲ: ಸ್ಪಷ್ಟನೆ
ಮ್ಯಾಡ್, ಕ್ರೇಜಿ, ಬರ್ಸರ್ಕ್, ಲೂನಟಿಕ್ ಎಲ್ಲವೂ ‘ಹುಚ್ಚು’, ಯಾವುದನ್ನು ಎಲ್ಲಿ ಬಳಸಿದರೂ ನಡೆಯುತ್ತದೆ ಎಂಬ ಸಂದೇಶವೊಂದು ಧಾರವಾಡದ ಪರೀಕ್ಷಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ನಡೆಯುವುದಿಲ್ಲ.

ಸಪ್ತಾಪುರದ ಓಣಿಯಲ್ಲಿ ಜೊಲ್ಲು ಸುರಿಸುತ್ತ ಕಚ್ಚಲು ಬರುವ ನಾಯಿ ‘ಮ್ಯಾಡ್’. ಅದನ್ನು ‘ಕ್ರೇಜಿ’ ಎಂದರೆ ರೇಬೀಸ್ ಮಾಯವಾಗಿ ಬರೀ ತುಂಟತನ ಉಳಿಯುತ್ತದೆ. ಕ್ರಿಕೆಟ್ ಹುಚ್ಚಿನ ಹುಡುಗನಿಗಾದರೆ ಎರಡೂ ಒಪ್ಪುತ್ತವೆ. ಅಮೆರಿಕದವರ ಬಾಯಲ್ಲಿ ‘ಮ್ಯಾಡ್’ ಎಂದರೆ ಬಹಳ ಸಲ ಸಿಟ್ಟು, ಅಷ್ಟೇ.

‘ಬರ್ಸರ್ಕ್’ ಮೂಲತಃ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಲ್ಲಿ, ಮೈಮೇಲೆ ಬಂದವರಂತೆ ಕಾದಾಡುತ್ತಿದ್ದ ಯೋಧರ ಹೆಸರು. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುವ ಆವೇಶಕ್ಕೆ ಸಲ್ಲುತ್ತದೆ. ‘ಲೂನಟಿಕ್’ ಚಂದ್ರನ ಲ್ಯಾಟಿನ್ ಹೆಸರಿನಿಂದ ಹುಟ್ಟಿದ್ದು (ಅಮಾವಾಸ್ಯೆ, ಹುಣ್ಣಿಮೆಗೆ ಹುಚ್ಚು ಕೆರಳುತ್ತದೆ ಎಂಬ ನಂಬಿಕೆ ನಮಗೇನು ಹೊಸದಲ್ಲ). 1912ರ ಭಾರತೀಯ ಕಾಯ್ದೆಯಲ್ಲಿದ್ದ ಈ ಪದದ ಜಾಗಕ್ಕೆ 1987ರ ಕಾಯ್ದೆ ‘ಮಾನಸಿಕ ಅಸ್ವಸ್ಥ ವ್ಯಕ್ತಿ’ಯನ್ನು ತಂದಿತು.