ಪುಣೆಯ ಖಣ, ಹುಬ್ಬಳ್ಳಿಯ ಕುರ್ತಾ

ಪುಣೆಯ ಆಫೀಸುಗಳಲ್ಲಿ ಈಗ ಖಣಕ್ಕೆ ಭಾರೀ ಮರ್ಯಾದೆ. ಗಣಪತಿ ಹಬ್ಬದ ವಾರ ಬಿಡಿ, ಸಾದಾ ಶುಕ್ರವಾರವೂ ಖಣದ ಕುರ್ತಾ, ಖಣದ ಜಾಕೀಟು, ಲ್ಯಾಪ್‌ಟಾಪ್ ಚೀಲಕ್ಕೂ ಖಣದ ಅಂಚು. ಗುಳೇದಗುಡ್ಡದಲ್ಲಿ ನೇಯ್ದು ನಮ್ಮ ಅಜ್ಜಿಯರು ಕುಬಸ ಹೊಲಿಸಿಕೊಳ್ಳುತ್ತಿದ್ದ, ಉಡಿ ತುಂಬುವಾಗ ಮಡಿಚಿ ಇಡುತ್ತಿದ್ದ ಬಟ್ಟೆ ಹಿಂಜವಡಿಯ ಐಟಿ ಕಂಪನಿಗಳ ಲಿಫ್ಟಿನಲ್ಲಿ ಓಡಾಡುತ್ತಿದೆ. ಹುಬ್ಬಳ್ಳಿಯ ವಿದ್ಯಾನಗರ, ಗೋಕುಲ ರೋಡ್ ಕಡೆ ಆಫೀಸು ಬಿಡುವ ಹೊತ್ತಿಗೆ ನಿಂತು ನೋಡಿ, ಖಣ ಕಾಣುವುದೇ ಅಪರೂಪ. ಕುರ್ತಾ, ಲೆಗ್ಗಿಂಗ್ಸ್ ಇಲ್ಲವೇ ಪ್ಯಾಂಟು, ಕೊರಳಲ್ಲಿ ಐಡಿ ಕಾರ್ಡು.

‘ಮರಾಠಿ ಮಂದಿ ನಮ್ಮದನ್ನ ಎತ್ತಿ ಹಿಡದಾರ, ನಮ್ಮ ಹುಡುಗ್ಯಾರು ಕೈ ಬಿಟ್ಟಾರ’ ಅಂತ ಇಲ್ಲಿ ಪುಣೆಯಲ್ಲಿ ನಾವು ಕನ್ನಡದವರು ನಾಲ್ಕು ಜನ ಸೇರಿದಾಗ ಯಾರಾದರೂ ಕೊರಗುತ್ತಾರೆ. ಖಣ ಮೊದಲಿನಿಂದಲೂ ಗಡಿಯ ಎರಡೂ ಕಡೆಯವರದು, ಅದಿರಲಿ. ಬಿಟ್ಟದ್ದು ಯಾಕೆ ಅಂತ ಬಿಟ್ಟವರನ್ನು ಕೇಳಬೇಕಲ್ಲ.

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಬ್ಯಾಂಕಿನಲ್ಲಿ ಸಾಲದ ವಿಭಾಗದ ಆಫೀಸರ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಚಿಗರಿ ಬಸ್ಸಿನಲ್ಲಿ ಹೋಗುತ್ತಾರೆ, ಬಹಳ ಸಲ ನಿಂತುಕೊಂಡೇ. ಪುಣೆಯಿಂದ ಖಣದ ಕುರ್ತಾ ಒಯ್ದು ಕೊಟ್ಟರೆ ನಕ್ಕರು. ‘ನೋಡವಾ, ನಿಮ್ಮಲ್ಲಿ ಇದು ಫ್ಯಾಶನ್. ನಾ ಇಲ್ಲಿ ಹಾಕ್ಕೊಂಡು ಕುಂತ್ರ, ಬಂದಾವ್ರು ನನ್ನನ್ನ ನೋಡಿ, ಯವ್ವಾ ಸಾಹೇಬ್ರು ಎಲ್ಲಿ ಅದಾರ ಅಂತ ಕೇಳ್ತಾರ.’

ಖಣ ಹಾಕಿದ ಪುಣೆಯ ಮ್ಯಾನೇಜರಳನ್ನು ಹಳ್ಳಿಯವಳು ಅಂತ ಯಾರೂ ತಿಳಿಯುವುದಿಲ್ಲ. ಅವಳ ಇಂಗ್ಲಿಷು, ಅವಳ ಕಾರು ಮೊದಲೇ ಸಾಕ್ಷಿ ಹೇಳಿರುತ್ತವೆ. ಆಮೇಲೆ ಖಣ ಅವಳ ಅಭಿರುಚಿಯಾಗುತ್ತದೆ. ಹುಬ್ಬಳ್ಳಿಯಲ್ಲಿ ಇಳಕಲ್ ಸೀರೆ, ಖಣದ ಕುಬಸದ ಹೆಣ್ಣುಮಕ್ಕಳು ಇವತ್ತಿಗೂ ದುರ್ಗದಬೈಲಿನಲ್ಲಿ ಸಂತೆ ಮಾಡುತ್ತಾರೆ, ಅಂಥದೇ ಬ್ಯಾಂಕುಗಳಿಗೆ ಪಿಂಚಣಿ ಕೇಳಲು ಬರುತ್ತಾರೆ. ಮನೆತನದಲ್ಲಿ ಮೊದಲ ಸಲ ಆಫೀಸಿನ ಕುರ್ಚಿ ಹಿಡಿದವಳಿಗೆ ಕೌಂಟರಿನ ಈಚೆಯವಳು ಅಂತ ತೋರಿಸಿಕೊಡುವ ಬಟ್ಟೆ ಬೇಕು. ಕುರ್ತಾ ಆ ಕೆಲಸ ಮಾಡುತ್ತದೆ. ಇದನ್ನು ಅಂಧಾನುಕರಣೆ ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಪ್ಯಾಂಟು ಶರ್ಟು ಹಾಕಿದ ಗಂಡಸರನ್ನು ‘ನಿಮ್ಮ ಧೋತರ ಎಲ್ಲಿ’ ಅಂತ ಅವರು ಕೇಳಿದ್ದು ನಾನಂತೂ ಕಂಡಿಲ್ಲ.

ಪುಣೆಯಲ್ಲಿ ಎಲ್ಲ ಸಡಿಲ ಅಂತಲೂ ತಿಳಿಯಬೇಡಿ. 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರವೇ ತನ್ನ ನೌಕರರಿಗೆ ಜೀನ್ಸ್, ಟೀ ಶರ್ಟು ಬೇಡ, ಶುಕ್ರವಾರ ಖಾದಿ ಹಾಕಿ ಅಂತ ಸುತ್ತೋಲೆ ಹೊರಡಿಸಿತ್ತು. ಇತ್ತ ನಮ್ಮ ಧಾರವಾಡ ಹೈಕೋರ್ಟ್ ಪೀಠದ ವಕೀಲೆಯರನ್ನು ನೋಡಿ: ಕರಿ ಕೋಟಿನ ಜೊತೆ ಸೀರೆಯೂ ನಡೆಯುತ್ತದೆ, ಸಲ್ವಾರ್ ಕುರ್ತಾನೂ ನಡೆಯುತ್ತದೆ. ದುಪಟ್ಟಾ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಅನ್ನುತ್ತದೆ ಬಾರ್ ಕೌನ್ಸಿಲಿನ ನಿಯಮ. ಎಷ್ಟೋ ಮನೆಗಳ ನಿಯಮ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ದುಪಟ್ಟಾ ಹೊದ್ದು ಹೊಸ್ತಿಲು ದಾಟಿ, ಬಸ್ಸಿನಲ್ಲಿ ಅದನ್ನು ಚೀಲಕ್ಕೆ ತುರುಕುವ ಹುಡುಗಿಯರು ನಮ್ಮ ಓಣಿಯಲ್ಲೇ ಇದ್ದಾರೆ.

ಕಸೂತಿಯ ಕತೆ ಸ್ವಲ್ಪ ಬೇರೆ. ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುವ ಗವಂತಿ, ಮುರ್ಗಿ ಎಂಬ ಹೊಲಿಗೆಗಳು ಕುರ್ತಾದ ಕೊರಳಿಗೂ ತೋಳಿಗೂ ಏರಿವೆ. ಧಾರವಾಡದ ಕಾಲೇಜು ಮೇಡಮ್ಮುಗಳು ಮುಜುಗರವಿಲ್ಲದೆ ಹಾಕುತ್ತಾರೆ. ಅವರನ್ನು ನೋಡಿ ಸಾಹೇಬರೆಲ್ಲಿ ಅಂತ ಯಾರೂ ಕೇಳುವುದಿಲ್ಲವಲ್ಲ. ಆದರೆ ಕೈಯಿಂದ ಹಾಕಿದ್ದಕ್ಕೆ ದಿನಗಟ್ಟಲೆ ಹಿಡಿಯುತ್ತದೆ, ಬೆಲೆಯೂ ಹಾಗೇ ಇರುತ್ತದೆ. ಅಗ್ಗಕ್ಕೆ ಸಿಗುವುದು ಮಷೀನಿನದು.

ಪುಣೆಯಲ್ಲಿ ನಾವು ಕೊಂಡು ಮೆರೆಯುವ ಖಣದಲ್ಲೂ ಪವರ್‌ಲೂಮಿನ ಮಾಲು ಬೇಕಾದಷ್ಟಿದೆ. ಕೈಮಗ್ಗದ ಖಣ ಕುಬಸದ ಅಳತೆಗೆ ನೇಯ್ದದ್ದು, ಪನ್ನ, ಅಂದರೆ ಅಗಲ, ಕಡಿಮೆ. ಉದ್ದನೆಯ ಕುರ್ತಾಕ್ಕೆ ಜೋಡಿಸಬೇಕಾಗುತ್ತದೆ. ಇದನ್ನೆಲ್ಲ ಫೋನಿನಲ್ಲಿ ವಿವರಿಸಿದರೆ ವೈನಿ ತಮ್ಮ ಬೇಡಿಕೆ ಇಟ್ಟರು: ಬಣ್ಣ ಬಿಡಬಾರದು, ವಾಷಿಂಗ್ ಮಷೀನಿಗೆ ಹಾಕುವಂತಿರಬೇಕು, ಮತ್ತ ‘ಕಿಸೆ ಇರಲಿ, ಫೋನ್ ಹಿಡಿಯುವಷ್ಟು ದೊಡ್ಡದು’. ಸಾಹೇಬರೆಲ್ಲಿ ಅಂತ ಕೇಳಿದವರನ್ನು ಅವರೇ ನೋಡಿಕೊಳ್ಳುತ್ತಾರಂತೆ.